ಚೂರಿಗೆ ಬೆನ್ನು ಯಾವುದು?

ನಮ್ಮ ಮನೆಯಲ್ಲಿ ಒಂದು ಚೂರಿ ಇದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಮಗಳ ಮಗಳು ನೇತ್ರಾ ಅದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬೇಳೆ ಡಬ್ಬಿಯ ಹಿಂದೆ ಇಡುತ್ತಾಳೆ. ಮೊನ್ನೆ ಅವಳು ಹೊರಗೆ ಹೋದಾಗ ಅದರಿಂದ ಒಂದು ಚೂರು ಬೆಲ್ಲ ಕೆತ್ತಿಕೊಂಡೆ. ತೊಳೆದು, ಒರೆಸಿ, ಸುತ್ತಿ, ಮೊದಲಿನ ಹಾಗೇ ಇಟ್ಟೆ. ಬಂದವಳೇ ಚೂರಿ ಬಿಚ್ಚಿ ಮೂಸಿ ನೋಡಿದಳು.

"ಆಯಿ, ಇದರಲೆ ಬೆಲ್ಲ ಕೆತ್ತೀದಿ?"

"ಇಲ್ಲ."

"ಬೆಲ್ಲದ ವಾಸನಿ ಬರತೈತಿ."

"ಮೂಗು ತೊಳಕೊಂಡು ಬಾ."

ಆಯಿ ಅಂದರೆ ನಾನೇ, ಅವಳ ಅಜ್ಜಿ. ಈ ವಯಸ್ಸಿನಲ್ಲಿ ಒಂದು ಚೂರಿಯ ಸಲುವಾಗಿ ಸುಳ್ಳು ಹೇಳುವ ಪಾಳಿ ಬಂತಲ್ಲ ಎಂದು ನಗು ಬಂತು. ಆದರೆ ಅವಳದೂ ತಪ್ಪಿಲ್ಲ. ಆ ಚೂರಿ ಬರುವಷ್ಟರಲ್ಲಿ ನಾನು ಪಟ್ಟ ಪಾಡು ನನಗೆ ಗೊತ್ತು. ನಿಮಗೂ ಹೇಳುತ್ತೇನೆ. ನೀವೂ ಒಂದು ದಿನ ಚೂರಿ ಮಾಡಿಸಬೇಕಾಗಬಹುದು, ಆಗ ನನ್ನ ಹಾಗೆ ಬಾಯಿ ಬಿಟ್ಟು ಕೆಡಬೇಡಿ.

ನನ್ನ ತವರುಮನೆಯಲ್ಲಿ ಇಂಥ ಸಂಭ್ರಮ ಇರಲಿಲ್ಲ. ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆ. ಪಡಸಾಲೆಯಲ್ಲಿ ಕುಣಿ ತೋಡಿ ಹೂಡಿದ ಮಗ್ಗ, ಅಡುಗೆಮನೆಯಲ್ಲಿ ಒಂದು ಈಳಿಗೆ ಮಣೆ. ಹರಿತವಾದದ್ದು ಅಂದರೆ ಅದೊಂದೇ. ಅವ್ವ ಅದರ ಮೇಲೆ ಕಾಲಿಟ್ಟು ಕೂತಳೆಂದರೆ ಬದನೆಕಾಯಿ, ಹುಣಸೆಕಾಯಿ, ಕೊಬ್ಬರಿ, ನೂಲಿನ ಗಂಟು ಎಲ್ಲ ಅದರ ಬಾಯಿಗೇ ಹೋಗುತ್ತಿದ್ದವು. ನಾವು ಮಕ್ಕಳು ಪೆನ್ಸಿಲ್ ಕೂಡ ಅದರಲ್ಲೇ ಹೆರೆಯುತ್ತಿದ್ದೆವು. ಅವ್ವ ನೋಡಿದರೆ ಬೆನ್ನಿಗೆ ಬೀಳುತ್ತಿತ್ತು. ನೋಡದಿದ್ದರೆ ರಾತ್ರಿ ಪಲ್ಯದಲ್ಲಿ ಪೆನ್ಸಿಲಿನ ಸೀಸ ಸಿಕ್ಕು ಮರುದಿನ ಬೀಳುತ್ತಿತ್ತು.

ಈಳಿಗೆ ಮೊಂಡಾದಾಗ ಕಮ್ಮಾರರ ಮನೆಗೆ ಒಯ್ಯುವ ಕೆಲಸ ನನ್ನದು. ಅದು ಕೆಲಸ ಅಂತ ನನಗೆ ಅನಿಸುತ್ತಿರಲಿಲ್ಲ, ಅಷ್ಟು ಇಷ್ಟ. ಕುಲುಮೆಯ ಮುಂದೆ ಕೂತು ತಿದಿಯ ಹಗ್ಗ ಎಳೆಯಲು ಬಿಡುತ್ತಿದ್ದರು. ಎಳೆದಾಗಲೆಲ್ಲ ಕೆಂಡ ಉಸಿರಾಡುತ್ತಿತ್ತು. ಕೆಂಪಗೆ ಕಾದ ಕಬ್ಬಿಣವನ್ನು ಕಲ್ಲುಬಾನಿಯ ನೀರಿಗೆ ಅದ್ದಿದರೆ "ಚುಂಯ್" ಎಂದು ಕೂಗಿ ಹಬೆ ಏಳುತ್ತಿತ್ತು. ಅಲಗು ಗಟ್ಟಿಯಾಗಲಿ ಎಂದು ಮಾಡುವ ಅದಕ್ಕೆ ನೀರು ಕುಡಿಸುವುದು ಅನ್ನುತ್ತಿದ್ದರು. ಕಬ್ಬಿಣಕ್ಕೂ ನೀರಡಿಕೆ ಆಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಶಾಲೆಯಲ್ಲಿ ಮಾಸ್ತರರು ನೀರು ಯಾರಿಗೆ ಬೇಕು ಎಂದು ಕೇಳಿದಾಗ, ಗಿಡಕ್ಕೆ, ದನಕ್ಕೆ, ಈಳಿಗೆಗೆ ಎಂದೆ. ತರಗತಿಯೆಲ್ಲ ನಕ್ಕಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಅದು ಈಳಿಗೆಯ ಸಲುವಾಗಿ ಅಲ್ಲ, ಮನೆಯಲ್ಲಿ ನೂಲು ಸುತ್ತುವವರು ಬೇಕಾಗಿತ್ತು.

ಗಂಡನ ಮನೆಯೂ ಬೆಟಗೇರಿಯೇ, ಮಗ್ಗವೇ. ಅಲ್ಲಿ ಈಳಿಗೆಯ ಜೊತೆ ಒಂದು ಚೂರಿಯೂ ಇತ್ತು. ಅತ್ತೆ ಅದನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದಂತೆ. ನಾವಿಬ್ಬರೂ ಇದ್ದಷ್ಟು ದಿನ ಒಮ್ಮೆಯೂ ತಪ್ಪದೆ ನೆಲಕ್ಕಿಟ್ಟೇ ಕೊಟ್ಟೆವು. ಜಗಳ ಮಾತ್ರ ದಿನಾ ಆಡಿದೆವು. ಆದರೂ ನಾನು ಈಗಲೂ ನೆಲಕ್ಕೇ ಇಡುತ್ತೇನೆ. ರೂಢಿ ಬಿಡುವುದಿಲ್ಲ.

ಇರಲಿ, ನೇತ್ರಾಳ ವಿಷಯಕ್ಕೆ ಬರುತ್ತೇನೆ. ಅವಳ ತಾಯಿ-ತಂದೆ ಹೊಂಬಳದಲ್ಲಿ ಹೊಲ ಮಾಡಿಕೊಂಡಿದ್ದಾರೆ. ಕಾಲೇಜಿಗೆಂದು ಗದಗಕ್ಕೆ ನನ್ನ ಮನೆಗೆ ಬಂದವಳು ಕಾಲೇಜು ಮುಗಿದರೂ ಹೋಗಲಿಲ್ಲ. ನೇತ್ರಾ ರೊಡ್ಡಿ. ಅಂದರೆ ಎಡಗೈಯವಳು. ಹೊಲಿಗೆ ಕಲಿಯಲು ಸೇರಿಸಿದೆವು. ಅವಳು ಕತ್ತರಿ ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ. ಕಲಿಸುವಾಕೆ, "ಬಲಗೈಲೆ ಹಿಡಿ, ಇಲ್ಲಂದ್ರ ಬರಬ್ಯಾಡ" ಅಂದಳು. ಇವಳು ಹೋಗುವುದು ಬಿಟ್ಟಳು. ಆಮೇಲೆ ಅಡುಗೆ ಹಿಡಿದಳು. ಅವಳ ಕೈ ರುಚಿ ಚಲೋ ಇದೆ. ಮೊಮ್ಮಗಳೆಂದು ಹೇಳುತ್ತಿಲ್ಲ, ಅವಳ ತಾಯಿಯ ಅಡುಗೆಯನ್ನು ನಾನು ಯಾರ ಮುಂದೂ ಹೊಗಳಿಲ್ಲ.

ಹೊಂಬಳದಿಂದ ಮಗಳು ಫೋನು ಮಾಡಿ ಒಂದೇ ರಾಗ ಹಾಡುತ್ತಿದ್ದಳು. "ಕೆಲಸ ಇಲ್ಲಂದ್ರ ಕಳಸಬೇ, ವರ ನೋಡತೇವಿ."

ನೇತ್ರಾ ನನ್ನ ಕೈಯಿಂದ ಫೋನು ಕಸಿದು, "ಯವ್ವಾ, ನನಗ ಮದುವಿ ಬ್ಯಾಡ ಅಂತಲ್ಲ. ಮದುವ್ಯಾಗ ಅಡಗಿ ಮಾಡಬೇಕಾಗೇತಿ" ಅಂದಳು.

ನಮ್ಮ ಓಣಿಯ ಶಾಂತಕ್ಕ ಮದುವೆ, ಸೀಮಂತಗಳಿಗೆ ಅಡುಗೆ ಹಿಡಿಯುವವಳು. ಅವಳ ತಂಡದಲ್ಲಿ ಎಲ್ಲರೂ ಹೆಂಗಸರೇ. ಪ್ರತಿಯೊಬ್ಬಳೂ ತನ್ನ ಚೂರಿ ತಾನೇ ತರಬೇಕು, ಅದು ಅವಳ ಕಟ್ಟಳೆ. ನೇತ್ರಾ ಹೋಗಿ ಸಾರು ಮಾಡಿ ತೋರಿಸಿದಳು. ಶಾಂತಕ್ಕ ಸೊರ್ರನೆ ಕುಡಿದು ಹೇಳಿದಳಂತೆ, "ಹುಡುಗಿ, ಸಾರು ಛಲೋ ಐತಿ. ಆದ್ರ ಸಾರು ಮಾಡಾಕ ನಾ ಅದೇನಿ. ನನಗ ಹೆಚ್ಚಾಕ ಕೈ ಬೇಕು. ಉಳ್ಳಾಗಡ್ಡಿ ಹೆಚ್ಚಿ ತೋರಸು."

ಇವಳು ಹೆಚ್ಚಿದಳು. ಒಂದು ಕಡೆ ಹಲಗೆಯಷ್ಟು ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಶಾಂತಕ್ಕ ಅದನ್ನು ಎತ್ತಿ ಹಿಡಿದು, "ಇದೇನವಾ, ಗಂಡಾ ಹೆಂಡತಿ ಸಿಟ್ಟಿನ್ಯಾಗ ಕೂಡಿ ಹೆಚ್ಚಿದಂಗ ಕಾಣತೈತಿ" ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ಆದರೂ ಶಾಂತಕ್ಕನ ಮನಸ್ಸು ಕೆಟ್ಟದ್ದಲ್ಲ. "ಮುಂಡರಗ್ಯಾಗ ಒಂದು ದೊಡ್ಡ ಮದುವಿ ಹಿಡದೇನಿ. ಅಲ್ಲಿಗೆ ಬಾ. ಕೈ ಸಮ ಬಂದ್ರ ನನ್ನ ಕೂಡ ಇರು. ಬರದಿದ್ರ ಸುಮ್ನ ಹೊಂಬಳದ ಬಸ್ಸು ಹತ್ತು" ಎಂದು ಹೇಳಿ ಕಳಿಸಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಯ ಮಳೆ. ಬೆಳಿಗ್ಗೆ ಉಳ್ಳಾಗಡ್ಡಿ, ಸಂಜೆ ಉಳ್ಳಾಗಡ್ಡಿ. ಹೆಚ್ಚಿದ್ದನ್ನೆಲ್ಲ ತಿನ್ನಬೇಕಾದವಳು ನಾನು. ಎಷ್ಟು ಹೆಚ್ಚಿದರೂ ಸೊಟ್ಟವೇ.

ಒಂದು ದಿನ ಅವಳು ಫೋನು ಹಿಡಿದುಕೊಂಡು ಬಂದಳು. ಅದರಲ್ಲಿ ಒಂದು ಚೂರಿಯ ಚಿತ್ರ. ಕೈಯಲ್ಲೇ ಬಡಿದು ಮಾಡಿದ್ದಂತೆ, ಅಲಗಿನ ಮೇಲೆ ಹಾವಿನ ಪೊರೆಯಂಥ ಗೆರೆ, ಮಲಗಲು ಮಖಮಲ್ಲಿನ ಪೆಟ್ಟಿಗೆ. ಬೆಲೆ ಕೇಳಿದೆ. ಹಾಲು ಕರೆಯುವ ಒಂದು ಆಡು ಬರುತ್ತದೆ ಅಷ್ಟಕ್ಕೆ. ನಮ್ಮ ಮಾತಿನಲ್ಲಿ ಕಾಯಿಪಲ್ಯೆ ಹೆಚ್ಚುವುದೂ ಬೆಲೆ ಹೆಚ್ಚುವುದೂ ಒಂದೇ ಶಬ್ದ. ಆ ಚೂರಿ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ಎರಡನೆಯದನ್ನು ಚೆನ್ನಾಗಿ ಮಾಡುತ್ತಿತ್ತು.

"ತಾನ ಒಲಿ ಹಚ್ಚಿ ಅಡಗೀನೂ ಮಾಡತೈತೇನು ಅದು?"

"ಆಯಿ, ಚಾಷ್ಟಿ ಬ್ಯಾಡ. ಇಲ್ಲಿ ನೋಡು. ಎಡಗೈಗೆ ಬೇಕಂದ್ರ ಎಡಗೈಗೂ ಮಾಡಿ ಕೊಡ್ತಾರಂತ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಚೂರಿಗೂ ಎಡ ಬಲ ಇರುತ್ತದೆಯೇ? ಅವಳು ಅತ್ತ ಹೋದ ಮೇಲೆ ಮನೆಯ ಚೂರಿಯನ್ನು ಎಡಗೈಯಲ್ಲಿ ಹಿಡಿದು ಒಂದು ಬದನೆಕಾಯಿ ಕೊಯ್ದೆ. ನಾನು ಹುಟ್ಟಿದಾಗಿನಿಂದ ಬಲಗೈಯವಳು, ತಡವರಿಸುವುದು ಸಹಜ. ಆದರೆ ಇದು ತಡವರಿಕೆ ಆಗಿರಲಿಲ್ಲ. ನಾನು ನೆಟ್ಟಗೆ ಒತ್ತಿದರೂ ಅಲಗು ತಾನೇ ಪಕ್ಕಕ್ಕೆ ಎಳೆಯುತ್ತಿತ್ತು, ಹಟಮಾರಿ ಹೋರಿಯ ಹಾಗೆ. ಕನ್ನಡಕ ಹಾಕಿಕೊಂಡು ಅಲಗು ನೋಡಿದೆ. ಒಂದು ಮಗ್ಗಲು ಸಪಾಟು. ಇನ್ನೊಂದು ಮಗ್ಗಲಿಗೆ ಮಾತ್ರ ಸಾಣೆ ಹಿಡಿದು ಇಳಿಜಾರು ಮಾಡಿದ್ದಾರೆ. ಬಲಗೈಯಲ್ಲಿ ಹಿಡಿದರೆ ಆ ಇಳಿಜಾರು ಹೊರಗೆ ಬರುತ್ತದೆ, ಚೂರು ಆಚೆ ಬೀಳುತ್ತದೆ. ಎಡಗೈಯಲ್ಲಿ ಹಿಡಿದರೆ ಒಳಗೆ ಬರುತ್ತದೆ, ಕಾಯಿಯನ್ನೇ ತಳ್ಳುತ್ತದೆ.

"ನೇತ್ರಾ, ಇಲ್ಲಿ ಬಾ. ನಿನ್ನ ಕೈ ಸೊಟ್ಟ ಇಲ್ಲ. ಚೂರಿ ಸೊಟ್ಟ ಐತಿ" ಎಂದೆ.

ಅವಳು ಅಲಗಿನ ಎರಡೂ ಮಗ್ಗಲು ತಡವಿ ನೋಡಿದಳು. ಆಮೇಲೆ, "ಹಂಗಾರ ಆ ಫೋನಿನ್ಯಾಗಿನ ಚೂರಿ ತರಸೂಣಲ್ಲ?" ಅಂದಳು. ಅವಳ ಬಾಯಿ ಮುಚ್ಚಿಸಿದೆ.

ಮೊದಲು ಗದಗದ ಪ್ಯಾಟಿ ತಿರುಗಿದೆವು. ಕೆಂಪು, ಹಸಿರು ಹಿಡಿಕೆಯ ತೆಳು ಚೂರಿಗಳು ಬೇಕಾದಷ್ಟು. ಅವಕ್ಕೆ ಎಡವೂ ಇಲ್ಲ, ಬಲವೂ ಇಲ್ಲ, ಬಾಯಿಯೇ ಇಲ್ಲ. "ಇದು ಎಡಗೈಗೆ ನಡೀತೈತೇನಪಾ?" ಎಂದು ಅಂಗಡಿಯವನನ್ನು ಕೇಳಿದರೆ, "ಎರಡೂ ಕೈಲೆ ಹಿಡೀರಿ ಅಜ್ಜಿ, ಜೋರ್ ನಡೀತೈತಿ" ಅಂದ. ಒಂದು ತಂದೆವು. ಕುಂಬಳಕಾಯಿಗೆ ಹಾಕಿದ ದಿನವೇ ಸೊಂಟ ಬಾಗಿ ಕೂತಿತು. ಕುಂಬಳಕಾಯಿಗೆ ಏನೂ ಆಗಲಿಲ್ಲ.

ಬೆಟಗೇರಿಯಲ್ಲಿ ನಾನು ತಿದಿ ಎಳೆದ ಕುಲುಮೆ ಈಗ ಇಲ್ಲ. ಆ ಮನೆಯವರು ಗೇಟು, ಕಿಟಕಿಯ ಸರಳು ಬೆಸೆಯುತ್ತಾರೆ. ಶಿರಹಟ್ಟಿಯಲ್ಲಿ ಒಬ್ಬ ಇನ್ನೂ ಬಡಿದು ಮಾಡುತ್ತಾನೆ ಎಂದು ಯಾರೋ ಹೇಳಿದರು. ಹೊರಡುವ ತಯಾರಿ ಮಾಡಿದೆ. ಹಿಡಿಕೆಗೆ ಸ್ವಂತ ಕಟ್ಟಿಗೆ ಒಯ್ದರೆ ಸ್ವಲ್ಪ ಕಡಿಮೆಗೆ ಆಗುತ್ತದೆಂಬ ಲೆಕ್ಕ. ನೇತ್ರಾ ಅಟ್ಟದಿಂದ ಅವಳ ಅಜ್ಜನ ಲಾಳಿ ಹುಡುಕಿ ತಂದಳು. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ. ತಿಕ್ಕಿ ತಿಕ್ಕಿ ಗಾಜಿನ ಹಾಗೆ ನುಣುಪಾಗಿತ್ತು.

"ಇದನ್ನ ಹಿಡಿಕಿ ಮಾಡಸೂಣು ಆಯಿ. ಅಜ್ಜನ ನೆನಪು ಉಳೀತೈತಿ."

"ನಿಮ್ಮಜ್ಜನ ನೆನಪಿಗೆ ಬೆರಳು ಕಳಕೋತೀ ಏನ? ಲಾಳಿ ಮಾಡೂದ ಜಾರಾಕ. ಎಣ್ಣಿ ಕೈಯಾಗ ಅದು ನಿಂದರತೈತೇನು?"

ಲಾಳಿ ಅಟ್ಟಕ್ಕೆ ವಾಪಸ್ಸು ಹೋಯಿತು. ಕುರ್ತಕೋಟಿಯ ನನ್ನ ತಮ್ಮನ ಹೊಲದ ಬದುವಿನಲ್ಲಿ ಕಡಿದು ಒಣಗಿಸಿದ ಜಾಲಿ ಇತ್ತು, ಅದರ ತುಂಡೊಂದು ತರಿಸಿದೆ. ನೇತ್ರಾ ಬರುವ ಹಾಗಿರಲಿಲ್ಲ. ಶಾಂತಕ್ಕ ಪಾತ್ರೆ ತೊಳೆಯಲಿಕ್ಕಾದರೂ ಬಾ ಎಂದು ಕರೆದಿದ್ದಳು, ಆ ಬಾಗಿಲು ಮುಚ್ಚಿಕೊಳ್ಳುವುದು ಬೇಡ. ಹಾಗಾದರೆ ಕೈಯ ಅಳತೆ? ಜೋಳದ ಹಿಟ್ಟನ್ನು ಬಿಗಿಯಾಗಿ ನಾದಿ ಉದ್ದಕ್ಕೆ ಹೊಸೆದೆ. "ಎಡಗೈಲೆ ಚೂರಿ ಹಿಡದಂಗ ಒತ್ತು" ಎಂದೆ. ಅವಳು ಒತ್ತಿದಳು. ಐದೂ ಬೆರಳು ಮೂಡಿದವು. ಅದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಕಮ್ಮಾರನ ಹೆಸರು ಮೌನೇಶಪ್ಪ. ಹೆಸರಿಟ್ಟವರಿಗೆ ಏನು ಗೊತ್ತು ಪಾಪ. ಬಾಯಿ ಮುಚ್ಚಿದ ಗಳಿಗೆ ಇಲ್ಲ. ಅವನ ಹೆಂಡತಿ ಕಾಳವ್ವ ದೊಡ್ಡ ಸುತ್ತಿಗೆ ಹಿಡಿದು ಎದುರಿಗೆ ನಿಂತು ಬಡಿಯುತ್ತಾಳೆ. ಅವನ ಮಾತಿಗೆಲ್ಲ ಅವಳ ಸುತ್ತಿಗೆಯೇ ಉತ್ತರ. ನಾನು ಡಬ್ಬಿ ತೆರೆದೊಡನೆ ಅವನು, "ರೊಟ್ಟಿ ತಂದೀಯೇನ ಆಯಿ? ಹಸೀ ಐತಲ್ಲ" ಅಂದ. ವಿಷಯ ಹೇಳಿದೆ. ನಕ್ಕ, ಆದರೆ ಹಿಟ್ಟಿನ ಮುದ್ದೆಗೆ ದಾರ ಸುತ್ತಿ ಅಳತೆ ತೆಗೆದುಕೊಂಡ. ತೆಗೆದುಕೊಂಡದ್ದು ಒಳ್ಳೆಯದಾಯಿತು. ನಾವು ಮಾತಾಡುತ್ತಿದ್ದಾಗ ಅವನ ಆಡು ಬಂದು ಮೊಮ್ಮಗಳ ಕೈಯನ್ನು ಬೆರಳು ಸಮೇತ ತಿಂದು ಹೋಯಿತು.

ಚೂರಿ ಮಾಡಿಸುವಾಗ ರೊಕ್ಕ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು ಸೀರೆ ಆರಿಸಿದ ಹಾಗೇ. ಸೀರೆಯಲ್ಲಿ ನೂಲು ನೋಡಬೇಕು, ಮೇಲಿನ ಮಿಂಚು ನೋಡಬಾರದು. ಇಲ್ಲೂ ಕಬ್ಬಿಣ ಚಲೋ ಇರಬೇಕು, ನೀರು ಸರಿಯಾಗಿ ಕುಡಿದಿರಬೇಕು. ಉಳಿದದ್ದೆಲ್ಲ ಒಡವೆ.

"ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಐತಿ ಆಯಿ. ಅದರಾಗ ಮಾಡಿದ್ರ ನಿನ್ನ ಮರಿಮಗಳೂ ಹೆಚ್ಚತಾಳು. ಹಿಡಿಕಿಗೆ ಹಿತ್ತಾಳಿ ಬಳಿ ಹಾಕ್ಲೇನು?"

"ಚೂರಿಗೇನು ಬಸುರಿ ಬಯಕಿ ಐತೇನು, ಬಳಿ ತೊಡಸಾಕ? ಬ್ಯಾಡ."

"ಹೂವಿನ ನಕ್ಷಿ?"

"ಬ್ಯಾಡ."

"ಹೆಸರಾದ್ರೂ ಕೆತ್ತೂಣು. ಹುಡುಗಿ ಹೆಸರು."

"ಕದ್ದಾವ ಹೆಸರು ಓದಿ ತಿರುಗಿ ತಂದು ಕೊಡ್ತಾನೇನು? ಬ್ಯಾಡ. ಕಬ್ಬಿಣ ಛಲೋ ಹಾಕು, ನೀರು ಛಲೋ ಕುಡಸು. ಅಷ್ಟ ಸಾಕು."

ಕಾಳವ್ವ ಸುತ್ತಿಗೆ ನಿಲ್ಲಿಸಿ ನಕ್ಕಳು. ಬೆಲೆ ನನ್ನ ಕೈಗೆ ಎಟಕುವಷ್ಟಕ್ಕೆ ಇಳಿಯಿತು. ನನಗೇ ನನ್ನ ಬಗ್ಗೆ ಹೆಮ್ಮೆ ಅನಿಸಿತು. ಹೊರಡುವ ಮುಂಚೆ ಮುಖ್ಯವಾದ ಮಾತನ್ನು ಬಿಡಿಸಿ ಹೇಳಿದೆ:

"ನೋಡು ತಮ್ಮಾ, ಎಡಗೈಯಾಕಿಗೆ ಇದು. ಬೆನ್ನು ಸಪಾಟ ಇರಲಿ. ಸಾಣಿ ಮುಖಕ್ಕಷ್ಟ ಹಿಡಿ. ತಿಳೀತಿಲ್ಲ?"

"ತಿಳೀತು ಬಿಡು. ಬೆನ್ನು ಸಪಾಟ, ಮುಖಕ್ಕ ಸಾಣಿ. ನೀ ನಿಶ್ಚಿಂತಿ ಹೋಗು."

ನಿಶ್ಚಿಂತೆಯಿಂದ ಬಂದೆ.

ಮೌನೇಶಪ್ಪ ಹೇಳಿದ ದಿನ ಬಂತು. ಅದೇ ದಿನ ಶಾಂತಕ್ಕನ ತಂಡ ಮುಂಡರಗಿಗೆ ಹೊರಟಿತ್ತು, ಮರುದಿನ ಮದುವೆ. ನೇತ್ರಾ ಅವರ ಟೆಂಪೋದಲ್ಲಿ ಪಾತ್ರೆಗಳ ನಡುವೆ ಕೂತು ಹೋದಳು. ನಾನು ಶಿರಹಟ್ಟಿಗೆ ಹೋಗಿ ಚೂರಿ ತೆಗೆದುಕೊಂಡು ಅಲ್ಲಿಂದ ಮುಂಡರಗಿಗೆ ಹೋಗುವುದೆಂದು ಮಾತಾಗಿತ್ತು. ಸಂಜೆ ಕಾಯಿಪಲ್ಯೆ ಹೆಚ್ಚಲು ಕೂಡುವಷ್ಟರಲ್ಲಿ ಚೂರಿ ಅವಳ ಕೈಯಲ್ಲಿರಬೇಕು.

ಮೌನೇಶಪ್ಪ ಚೂರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದ, ಕೂಸು ತಂದ ಹಾಗೆ. ಜಾಲಿಯ ಹಿಡಿಕೆಯಲ್ಲಿ ಬೆರಳಿನ ತಗ್ಗುಗಳು ಮೂಡಿದ್ದವು. ನೋಡಲು ಚಂದ, ತೂಕವೂ ಹದ. ನಾನು ಚೀಲದಿಂದ ಒಂದು ಸೌತೆಕಾಯಿ ತೆಗೆದು ಎಡಗೈಯಲ್ಲಿ ಕೊಯ್ದೆ. ಅಲಗು ಪಕ್ಕಕ್ಕೆ ಎಳೆಯಿತು. ಮತ್ತೊಮ್ಮೆ ಕೊಯ್ದೆ. ಮತ್ತೆ ಎಳೆಯಿತು. ತಿರುಗಿಸಿ ನೋಡಿದರೆ ನಮ್ಮ ಮನೆಯ ಚೂರಿಯ ಹಾಗೇ ಬಲಗೈಗೆ ಸಾಣೆ ಹಿಡಿದಿದ್ದ.

"ಮೌನೇಶಪ್ಪಾ, ಏನ ಮಾಡೀದಿ ಇದನ್ನ?"

"ನೀ ಹೇಳಿದ್ದ ಮಾಡೇನಿ. ಬೆನ್ನು ಸಪಾಟ. ನೋಡು, ನೀರಿನ ಹನಿ ಇಟ್ರ ಹರ್ಯಾಂಗಿಲ್ಲ" ಎಂದು ಅಲಗಿನ ಮೇಲಂಚು ತೋರಿಸಿದ. ಬಾಯಿಯ ಎದುರು ಇರುವ ದಪ್ಪ ಅಂಚು. ಅದನ್ನು ಅರದಿಂದ ತಿಕ್ಕಿ ಗೆರೆ ಎಳೆಯುವ ಪಟ್ಟಿಯ ಹಾಗೆ ಮಾಡಿದ್ದ. "ಮುಖಕ್ಕ ಸಾಣಿ. ನೋಡು, ಸೂಜಿ ಆಗೇತಿ" ಎಂದು ತುದಿ ತೋರಿಸಿದ. ಖರೇ, ಸೂಜಿಯೇ ಆಗಿತ್ತು.

"ಅದು ಬೆನ್ನು ಅಲ್ಲೋ. ಇದು ಬೆನ್ನು!" ನಾನು ಅಲಗಿನ ಒಂದು ಮಗ್ಗಲನ್ನು ತಟ್ಟಿದೆ.

"ಅದು ಮಗ್ಗಲು."

"ನಿನಗ ಮಗ್ಗಲು. ನನಗ ಬೆನ್ನು."

"ಆಯಿ, ನಮ್ಮಪ್ಪ, ನಮ್ಮಜ್ಜ, ಅವರಪ್ಪ ಎಲ್ಲಾರೂ ಇದನ್ನ ಬೆನ್ನು ಅಂದಾರ. ಹೊಸಾ ಬೆನ್ನು ಎಲ್ಲಿಂದ ತರ್ಲಿ?"

"ಎಡಗೈಗೆ ಅಂತ ಹೇಳಿದ್ದಿಲ್ಲ?"

"ಅದಕ್ಕ ಹಿಡಿಕಿ ಎಡಗೈಗೆ ಮಾಡೇನಿ. ಬಾಯಿಗೆ ಯಾ ಕೈ ಆದ್ರೇನು? ಕುಡಗೋಲು, ಚೂರಿ, ಏನು ಮಾಡಿದ್ರೂ ನಾ ಸಾಣಿ ಹಿಡಿಯೂದ ಹಿಂಗ."

ಕಾಳವ್ವ ಸುತ್ತಿಗೆ ಕೆಳಗಿಟ್ಟು ಬಂದಳು. "ನಿಮ್ಮಿಬ್ಬರ ಬೆನ್ನಿಗೂ ಬೆಂಕಿ ಹಾಕ. ಆಯಿ, ನೀ ನೇಕಾರರ ಮನಿಯಾಕಿ ಹೌದಿಲ್ಲ?" ಎಂದು ಕೇಳಿ, ತನ್ನ ಸೆರಗನ್ನು ಎತ್ತಿ ನನ್ನ ಮುಂದೆ ಹಿಡಿದಳು. ಒಂದು ಕಡೆ ತಿರುವಿ, "ಇದು ಮುಖ." ಇನ್ನೊಂದು ಕಡೆ ತಿರುವಿ, "ಇದು ಬೆನ್ನು. ಹಂಗ ಅಂದೀಯೇನು?"

"ಮತ್ತ ಹೆಂಗ ಅಂತಾರ?"

ನಮ್ಮ ಮನೆಗಳಲ್ಲಿ ಹಾಗೇ. ಸೀರೆಗೆ ಎರಡೇ ಮಗ್ಗಲು, ಜನ ನೋಡುವುದು ಮುಖ, ಮೈಗೆ ತಾಗುವುದು ಬೆನ್ನು. ಚಾದರಕ್ಕೂ ಹಾಗೇ, ರೊಟ್ಟಿಗೂ ಹಾಗೇ. ಬೆಂದ ರೊಟ್ಟಿ ತಿರುವಿ ಹಾಕುವಾಗ "ಬೆನ್ನು ಬೇಯಲಿ" ಎಂದೇ ಹೇಳುತ್ತೇನೆ. ಚೂರಿಯನ್ನು ಎಡಗೈಯಲ್ಲಿ ಹಿಡಿದರೆ ಹೊರಗೆ ಕಾಣುವ ಮಗ್ಗಲು ಮುಖ, ಒಳಗಿನದು ಬೆನ್ನು. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ ಎಂದು ನನಗೆ ಅನಿಸಿತ್ತು. ಚೂರಿಗೆ ಮೊದಲಿನಿಂದ ತನ್ನದೇ ಬೆನ್ನು ಇದೆ, ಕಮ್ಮಾರರು ಅದನ್ನು ಅಜ್ಜನ ಕಾಲದಿಂದ ಹಾಗೇ ಕರೆಯುತ್ತಾರೆ ಎಂದು ನನಗೇನು ಗೊತ್ತು?

"ಸೀರಿ ಮಾತು ಕಬ್ಬಿಣಕ್ಕ ಹೇಳ್ಯಾಳ. ನೀನೂ ಕೋಣನಂಗ ತಲಿ ಹಾಕೀದಿ" ಎಂದು ಕಾಳವ್ವ ಗಂಡನಿಗೆ ಅಂದಳು. ಮೌನೇಶಪ್ಪ ಅಂದು ಮೊದಲ ಸಲ ತನ್ನ ಹೆಸರಿಗೆ ತಕ್ಕ ಹಾಗೆ ಕೂತ.

ಹೊಸದು ಮಾಡಲು ಹೊತ್ತಿರಲಿಲ್ಲ. ಇದನ್ನೇ ಒಯ್ದು ಕೊಟ್ಟರೆ ಆ ಹುಡುಗಿ ಮತ್ತೆ ಸೊಟ್ಟ ಹೆಚ್ಚುತ್ತಾಳೆ. ಎಲ್ಲರೂ ಮತ್ತೆ ನಗುತ್ತಾರೆ. ಈ ಸಲ ನಕ್ಕ ಮೇಲೆ ಮುಂದಿನ ಮಾತಿಲ್ಲ. ಕತ್ತರಿಯನ್ನು ಕೆಳಗಿಟ್ಟು ಬಂದ ಹಾಗೆ ಇದನ್ನೂ ಕೆಳಗಿಟ್ಟು ಬರುತ್ತಾಳೆ. ಆಮೇಲೆ ತಾನು ಇರುವುದೇ ಸೊಟ್ಟ ಎಂದು ನಂಬಿಬಿಡುತ್ತಾಳೆ. ಅದು ನನಗೆ ಬೇಡವಾಗಿತ್ತು.

"ಏನಾರ ಮಾಡು ತಮ್ಮಾ. ಇದನ್ನ ಹಿಂಗ ಒಯ್ಯಾಂಗಿಲ್ಲ ನಾನು."

ಮೌನೇಶಪ್ಪ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. "ಇನ್ನೊಂದು ಮಗ್ಗಲಿಗೂ ಅಷ್ಟ ಇಳಿಜಾರ ಕೊಟ್ರ ಬಾಯಿ ನಟ್ಟನಡು ಬರತೈತಿ. ಆವಾಗ ಎತ್ಲಾಗೂ ಎಳ್ಯಾಂಗಿಲ್ಲ. ಎಡಗೈಲೂ ನಡೀತೈತಿ, ಬಲಗೈಲೂ ನಡೀತೈತಿ. ಆದ್ರ ಮಷೀನಿಗೆ ಹಿಡದ್ರ ಕಾದು ಕುಡಿದ ನೀರೆಲ್ಲಾ ಹೋಗತೈತಿ. ಕಲ್ಲಿನ ಮ್ಯಾಲ ಕೈಲೆ ತಿಕ್ಕಬೇಕು. ಹೊತ್ತು ಹಿಡೀತೈತಿ."

"ತಿಕ್ಕು ಹಂಗಾರ. ಬಾಯಿಲೆ ತಿಕ್ಕಬ್ಯಾಡ."

ಸಾಣೆಕಲ್ಲು ತಂದಿಟ್ಟರು. ಅವನು ಸ್ವಲ್ಪ ಹೊತ್ತು, ಕಾಳವ್ವ ಸ್ವಲ್ಪ ಹೊತ್ತು ತಿಕ್ಕಿದರು. ಕಲ್ಲಿಗೆ ನೀರು ಹನಿಸುವ ಕೆಲಸ ನನ್ನದು. ಕಲ್ಲಿನ ಮೇಲೆ ಬೂದುಬಣ್ಣದ ಕೆಸರು ಕೂಡುತ್ತಿತ್ತು, ಅದನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದೆ. ಮುಂಡರಗಿಯ ಬಸ್ಸು ಒಂದು ಹೋಯಿತು. ಹೋಗಲಿ ಬಿಡು ಎಂದೆ. ಕಾಳವ್ವ ತಿಕ್ಕುತ್ತಲೇ ಮೊಮ್ಮಗಳ ವಿಷಯ ಕೇಳಿದಳು. ಹೇಳಿದೆ. ತುದಿಯ ಸೂಜಿಯನ್ನೂ ಮೊಂಡು ಮಾಡಿಸಿದೆ. ಅದರಿಂದ ಯಾರನ್ನು ಚುಚ್ಚುವುದಿದೆ?

ಕೊನೆಗೆ ಉಳಿದ ಅರ್ಧ ಸೌತೆಕಾಯಿಯನ್ನು ಮೌನೇಶಪ್ಪನ ಮುಂದೆಯೇ ಎಡಗೈಯಲ್ಲಿ ಕೊಯ್ದೆ. ಬಿಲ್ಲೆ ನೆಟ್ಟಗೆ ಬಿತ್ತು. ಒಂದು ಬದಿ ಎಷ್ಟೋ ಇನ್ನೊಂದು ಬದಿಯೂ ಅಷ್ಟೇ. ಅವನು ಆ ಬಿಲ್ಲೆ ಎತ್ತಿ ಬಾಯಿಗೆ ಹಾಕಿಕೊಂಡು, "ರುಚಿನೂ ಸಮ ಐತಿ" ಅಂದ. ಮಾತು ಮತ್ತೆ ಬಂದಿತ್ತು. ನಾನು ಚೂರಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಕಾಳವ್ವ ಹಿಂದಿನಿಂದ, "ಆಯಿ, ಹುಡುಗಿಗೆ ಹೇಳು, ದಿನಾ ಒರಸಿ ಇಡಬೇಕಂತ. ತುಕ್ಕು ಹಿಡಿದ್ರ ನನ್ನ ಕಡೆ ಬರಬ್ಯಾಡ ಅನ್ನು" ಎಂದು ಕೂಗಿದಳು.

ಮುಂಡರಗಿ ತಲುಪುವಾಗ ಬಿಸಿಲು ಇಳಿದಿತ್ತು. ಕಲ್ಯಾಣ ಮಂಟಪದ ಹಿತ್ತಲಲ್ಲಿ ಹೆಂಗಸರು ಸಾಲಾಗಿ ಮಣೆ ಹಾಕಿಕೊಂಡು ಕೂತಿದ್ದರು. ಉಳ್ಳಾಗಡ್ಡಿಯ ಗುಡ್ಡೆ ಒಂದು ಕಡೆ, ಬದನೆಕಾಯಿಯ ಬುಟ್ಟಿಗಳು ಒಂದು ಕಡೆ. ನೇತ್ರಾ ಸಾಲಿನ ನಡುವೆ ಯಾರೋ ಕೊಟ್ಟ ಹೆಚ್ಚುವರಿ ಚೂರಿ ಹಿಡಿದು ಕೂತಿದ್ದಳು. ಮುಂದೆ ಹೆಚ್ಚಿದ್ದು ಸ್ವಲ್ಪವೇ, ಅದೂ ಸೊಟ್ಟ. ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿದ್ದವು. ಉಳ್ಳಾಗಡ್ಡಿ ಇದ್ದುದರಿಂದ ನಾನು ಕಾರಣ ಕೇಳುವ ಪ್ರಸಂಗ ಬರಲಿಲ್ಲ.

ಚೂರಿ ಬಿಚ್ಚಿ ಅವಳ ಮುಂದೆ ನೆಲಕ್ಕಿಟ್ಟೆ. ಅವಳು ಎತ್ತಿಕೊಂಡಳು. ಬೆರಳುಗಳು ತಗ್ಗುಗಳಲ್ಲಿ ಹೋಗಿ ಕೂತವು. ಒಂದು ಉಳ್ಳಾಗಡ್ಡಿ ಇಬ್ಭಾಗ ಮಾಡಿದಳು. ಒಂದು ಪದರ ಕೊಯ್ದಳು, ನಿಲ್ಲಿಸಿ ನೋಡಿದಳು. ಇನ್ನೊಂದು ಕೊಯ್ದಳು. ಮೂರನೆಯದಕ್ಕೆ ನೋಡಲಿಲ್ಲ. ಆಮೇಲೆ ಮಣೆಯ ಸಪ್ಪಳ ಬೇರೆಯೇ ಆಯಿತು. ಮೊದಲು ಕುಂಟುವವರ ನಡಿಗೆಯ ಹಾಗೆ ಇದ್ದದ್ದು ಈಗ ಒಂದೇ ಸಮನೆ ಬರತೊಡಗಿತು.

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಗಿರಿಜಾ ಎಂಬಾಕೆ ಚೀರಿದಳು. "ಏ ರೊಡ್ಡಿ, ನಿನ್ನ ಮೊಣಕೈ ನನ್ನ ಪಕ್ಕಡಿಗೆ ಬಡ್ಯಾಕತ್ತೈತಿ! ಉಳ್ಳಾಗಡ್ಡಿ ಹೆಚ್ಚು, ಇಲ್ಲಾ ನನ್ನ ಹೆಚ್ಚು."

ನೇತ್ರಾಳ ಕೈ ಗಕ್ಕನೆ ನಿಂತಿತು. ಇವಳ ಎಡಗೈ, ಅವಳ ಬಲಗೈ, ಎರಡು ಮೊಣಕೈಗಳೂ ಒಂದೇ ಜಾಗಕ್ಕೆ ಬರುತ್ತಿದ್ದವು. ಗದ್ದಲ ಕೇಳಿ ಒಲೆಯ ಕಡೆಯಿಂದ ಶಾಂತಕ್ಕ ಬಂದಳು. ಏನೂ ಕೇಳದೆ ನೇತ್ರಾಳ ಮುಂದಿನ ಗುಡ್ಡೆಯಲ್ಲಿ ಕೈ ಹಾಕಿ, ಒಂದು ಹಿಡಿ ಎತ್ತಿ, ಬೆರಳ ಸಂದಿಯಿಂದ ಇಳಿಬಿಟ್ಟಳು. ಮತ್ತೊಂದು ಹಿಡಿ ಎತ್ತಿ ಬೆಳಕಿಗೆ ಹಿಡಿದಳು. ಸಾಲಿನಲ್ಲಿ ಎಲ್ಲರ ಚೂರಿಗಳೂ ನಿಂತಿದ್ದವು. ನಾನು ನೀರು ಕುಡಿಯುವ ನೆವದಿಂದ ಅತ್ತ ತಿರುಗಿದೆ.

"ಈ ಮ್ಯಾಲಿಂದು ಯಾರು ಹೆಚ್ಚಿದ್ದು?"

"ನಾನ ರೀ" ಎಂದಳು ನೇತ್ರಾ.

"ತಳದಾಗಿಂದು?"

"ಅದೂ ನಾನ ರೀ. ಅದು ಮೊದಲ ಹೆಚ್ಚಿದ್ದು."

ಶಾಂತಕ್ಕ ಕೈ ಝಾಡಿಸಿಕೊಂಡಳು. "ಗಿರಿಜಾ, ನೀ ಇತ್ಲಾಗ ಸರಿ. ಈಕಿನ್ನ ಸಾಲಿನ ಎಡಗಡಿ ತುದಿಗೆ ಕುಂದರಸ್ರಿ, ಯಾರಿಗೂ ಮೊಣಕೈ ತಾಗಬಾರದು. ಇನ್ನ ಮ್ಯಾಲೆ ಎಲ್ಲೇ ಹೋದ್ರೂ ಆ ತುದಿ ಈಕೀದು. ಬ್ಯಾರೆ ಯಾರೂ ಅಲ್ಲಿ ಮಣಿ ಹಾಕಬ್ಯಾಡ್ರಿ."

ಇಷ್ಟು ಹೇಳಿ, ಒಲೆಯ ಮೇಲೆ ಏನೋ ಸೀದ ವಾಸನೆ ಬಂತೆಂದು ಬೈಯುತ್ತ ಹೋದಳು.

ನೇತ್ರಾ ಮಣೆ ಎತ್ತಿಕೊಂಡು ಎಡತುದಿಗೆ ಹೋಗಿ ಕೂತಳು. ಅವಳ ಎಡಕ್ಕೆ ಯಾರೂ ಇರಲಿಲ್ಲ, ಬಯಲು ಹಿತ್ತಲು ಅಷ್ಟೇ. ತೋಳು ಬಿಡಿಸಿಕೊಂಡು ಹೆಚ್ಚತೊಡಗಿದಳು. ಯಾರೋ ನನಗೆ ಚಹಾ ಕೊಟ್ಟರು. ಸಕ್ಕರೆ ಹೆಚ್ಚಾಗಿತ್ತು, ಆದರೂ ಕುಡಿದೆ. ಅರ್ಧ ಕುಡಿಯುವಷ್ಟರಲ್ಲಿ ಅವಳ ಮುಂದಿನ ಬದನೆಕಾಯಿ ಬುಟ್ಟಿಯ ತಳ ಕಂಡಿತು. ತಲೆ ಎತ್ತದೆಯೇ, ಇಡೀ ಹಿತ್ತಲಿಗೆ ಕೇಳುವಂತೆ ಅವಳು ಕೂಗಿದಳು:

"ಏ, ಈ ತುದಿಗೆ ಇನ್ನೊಂದು ಬುಟ್ಟಿ ತರ್ರಿ!"